ಲೆಕ್ಕದಾಗ ಐತಿ, ಪೆಟ್ಟಿಗ್ಯಾಗ ಇಲ್ಲ

ಕಂಪನಿಗಳ ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಒಂದು ಸಸಿ ಇರುತ್ತದೆ. ಎರಡನೆಯ ಪುಟದಲ್ಲಿ ಸಸಿ ಹಿಡಿದ ಮಗು. ಆಮೇಲೆ ಅಧ್ಯಕ್ಷರು, ಅಧ್ಯಕ್ಷರ ದೂರದೃಷ್ಟಿ, ಅಧ್ಯಕ್ಷರ ಕೃತಜ್ಞತೆ. ಕಂಪನಿಯ ಹತ್ತಿರ ರೊಕ್ಕ ಎಷ್ಟಿದೆ ಎಂಬ ಕ್ಷುಲ್ಲಕ ಸಂಗತಿ ಮಾತ್ರ ಇನ್ನೂರು ಪುಟ ದಾಟಿದ ಮೇಲೆ ಬರುತ್ತದೆ. ಅದೂ ಕನ್ನಡಕ ಹಾಕಿದವರಿಗೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ.

ಕಷ್ಟಪಟ್ಟು ಅಲ್ಲಿಗೆ ಹೋದವರಿಗೆ ಒಂದು ಪಟ್ಟಿ ಸಿಗುತ್ತದೆ. ನಗದು ಇಷ್ಟು. ನಗದಿಗೆ ಸಮಾನವಾದದ್ದು ಇಷ್ಟು. ಹೂಡಿಕೆ ಇಷ್ಟು, ಫೇರ್ ವ್ಯಾಲ್ಯೂ ಪ್ರಕಾರ. ಕೆಳಗೆ ಆಡಿಟರ್ ಸಹಿ. ಸಹಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಈ ಫೇರ್ ವ್ಯಾಲ್ಯೂ ಎಂಬುದು ನಮ್ಮ ದೊಡ್ಡ ಕಂಪನಿಗಳ ಲೆಕ್ಕಕ್ಕೆ ಇಂಡ್ ಎಎಸ್ ಎಂಬ ಮಾನದಂಡಗಳ ಜೊತೆ 2016ರ ಏಪ್ರಿಲ್‌ನಿಂದ ಕಡ್ಡಾಯವಾಗಿ ಬಂತು. 113ನೆಯ ಮಾನದಂಡ ಅದನ್ನು ವಿವರಿಸುತ್ತದೆ. ಸಾರಾಂಶ ಇಷ್ಟೇ: ಲೆಕ್ಕ ಮುಗಿಯುವ ದಿನ, ಅವಸರವಿಲ್ಲದೆ, ಯಾರ ಒತ್ತಾಯವೂ ಇಲ್ಲದೆ ಮಾರಿದರೆ ಆ ಆಸ್ತಿಗೆ ಎಷ್ಟು ಸಿಗುತ್ತದೋ ಅದೇ ಅದರ ಬೆಲೆ. ಕೊಂಡಾಗಿನ ಬೆಲೆ ಬೇಡ, ಇವತ್ತಿನ ಬೆಲೆ ಹೇಳಿ. ಒಳ್ಳೆಯ ನಿಯಮ. ಬರೆದವರು ಪ್ರಾಮಾಣಿಕರೇ ಇರಬೇಕು. ಅವರು ನಮ್ಮ ವಿಜಯಪುರ ಜಿಲ್ಲೆಯ ಟಿಕೋಟಾ ಕಡೆಗೆ ಬಂದಿರಲಿಕ್ಕಿಲ್ಲ.

ಬಂದಿದ್ದರೆ ಘೋಣಸಗಿ ಊರಿಗೆ ಕರೆದೊಯ್ಯಬಹುದಿತ್ತು. ಮಾರ್ಚ್ 31ಕ್ಕೆ ಕಂಪನಿಗಳು ಲೆಕ್ಕ ಮುಚ್ಚುವ ಹೊತ್ತಿಗೆ ಇಲ್ಲಿ ದ್ರಾಕ್ಷಿ ಶೆಡ್ಡಿನ ಜಾಳಿಗೆಗಳ ಮೇಲೆ ಒಣಗಿ ಮಣೂಕ ಆಗುತ್ತಿರುತ್ತದೆ. ಬರಗಾಲದ ವರ್ಷ ಟ್ಯಾಂಕರಿನಲ್ಲಿ ನೀರು ತಂದು ಬೆಳೆಸಿದ ಮಾಲು. ಇದನ್ನು ಅವಸರವಿಲ್ಲದೆ ಮಾರುವ ರೈತನನ್ನು ಯಾರಾದರೂ ತೋರಿಸಿಕೊಡಲಿ. ಔಷಧಿ ಅಂಗಡಿಯ ಉದ್ರಿ ಕುತ್ತಿಗೆಗೆ ಬಂದಿರುತ್ತದೆ. ಬ್ಯಾಂಕಿನ ಕಂತು ಬಂದಿರುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೆ ಬಾಡಿಗೆ, ಇಡದಿದ್ದರೆ ಬಣ್ಣ ಕೆಡುವ ಚಿಂತೆ. ತಾಸಗಾಂವಕ್ಕೋ ಸಾಂಗಲಿಗೋ ವಿಜಯಪುರದ ಎಪಿಎಂಸಿಗೋ ಒಯ್ದರೆ ಕೊಳ್ಳುವವನೇ ದರ ಹೇಳುತ್ತಾನೆ. ಮಾರುವವನು ತಲೆ ಆಡಿಸುತ್ತಾನೆ. ದ್ರಾಕ್ಷಿಗೆ ಕನಿಷ್ಠ ಬೆಂಬಲ ಬೆಲೆಯೂ ಇಲ್ಲ.

ಮಾನದಂಡದ ಪ್ರಕಾರ ಒತ್ತಾಯಕ್ಕೆ ಸಿಕ್ಕು ಮಾರಿದ ಬೆಲೆ ಫೇರ್ ವ್ಯಾಲ್ಯೂ ಅಲ್ಲ. ಹಾಗಾದರೆ ಈ ಜಿಲ್ಲೆಯ ರೈತ ಹುಟ್ಟಿದಾಗಿನಿಂದ ಒಮ್ಮೆಯೂ ಫೇರ್ ವ್ಯಾಲ್ಯೂ ಕಂಡಿಲ್ಲ. ಅವನ ಬಗ್ಗೆ ಯಾವ ಆಡಿಟರೂ ಟಿಪ್ಪಣಿ ಬರೆದಿಲ್ಲ.

ಮಾನದಂಡ ಆಸ್ತಿಗಳನ್ನು ಮೂರು ಹಂತಕ್ಕೆ ಹಾಕುತ್ತದೆ. ಮೊದಲ ಹಂತದಲ್ಲಿ ಪೇಟೆಯಲ್ಲಿ ದಿನವೂ ಕೈ ಬದಲಿಸುವ ಮಾಲು, ಉದಾಹರಣೆಗೆ ಲಿಸ್ಟ್ ಆದ ಷೇರು. ಬೆಲೆ ಎಲ್ಲರಿಗೂ ಕಾಣುತ್ತದೆ, ಸುಳ್ಳಿಗೆ ಜಾಗ ಕಡಿಮೆ. ಎರಡನೆಯ ಹಂತದ ಮಾಲಿಗೆ ನೇರ ಬೆಲೆ ಇಲ್ಲ. ಅದರಂಥದ್ದೇ ಇನ್ನೊಂದರ ಬೆಲೆ, ಪೇಟೆಯ ಬಡ್ಡಿದರ ನೋಡಿ ಲೆಕ್ಕ ಹಾಕುತ್ತಾರೆ. ಮೂರನೆಯ ಹಂತಕ್ಕೆ ಪೇಟೆಯೇ ಇಲ್ಲ. ಕಂಪನಿ ತಾನೇ ಊಹಿಸುತ್ತದೆ. ಮುಂದಿನ ಹತ್ತು ವರ್ಷ ವ್ಯಾಪಾರ ಹೀಗೆ ಏರುತ್ತದೆ, ಬಡ್ಡಿ ಹೀಗಿರುತ್ತದೆ ಎಂದು ಎಕ್ಸೆಲ್ ಶೀಟಿನಲ್ಲಿ ಬರೆದು, ಕೊನೆಗೆ ಬಂದ ಅಂಕಿಯನ್ನು ಬೆಲೆ ಎಂದು ಕರೆಯುತ್ತದೆ. ಊಹೆ ಮಾಡಿಕೊಡಲು ಒಬ್ಬ ಮೌಲ್ಯಮಾಪಕ ಇರುತ್ತಾನೆ. ಅವನ ಫೀ ಕೊಡುವವರು ಯಾರು? ಅದೇ ಕಂಪನಿ.

ಇನ್ನು ನಗದು. ನಗದಿಗೆ ಊಹೆ ಬೇಕಿಲ್ಲ, ಒಂದು ರೂಪಾಯಿ ಅಂದರೆ ಒಂದು ರೂಪಾಯಿ ಎಂದು ನೀವು ಅಂದುಕೊಂಡಿದ್ದರೆ, 2009ರ ಜನವರಿ 7 ನಿಮಗೆ ಮರೆತಿದೆ.

ಅಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಗೆಯ ಪತ್ರ ಬರೆದರು. 2008ರ ಸೆಪ್ಟೆಂಬರ್ ಅಂತ್ಯದ ಲೆಕ್ಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ 5,361 ಕೋಟಿ ಎಂದಿತ್ತು. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಷೇರಲ್ಲ, ಕಟ್ಟಡವಲ್ಲ, ನಗದು! ಬ್ಯಾಂಕಿಗೆ ಫೋನ್ ಮಾಡಿ ಕೇಳಿದರೆ ಗೊತ್ತಾಗುವ ನಗದು. ಇನ್ನೂ ಸೊಗಸಾದ ಸಂಗತಿ ಬೇರೆ ಇದೆ. ಅದೇ ಲೆಕ್ಕದಲ್ಲಿ 376 ಕೋಟಿ ರೂಪಾಯಿ ಬಡ್ಡಿಯೂ ಬರಬೇಕಿತ್ತು. ಇಲ್ಲದ ಠೇವಣಿ, ಅದಕ್ಕೆ ಇಲ್ಲದ ಬಡ್ಡಿ. ಸುಳ್ಳನ್ನೂ ಅವರು ಚಕ್ರಬಡ್ಡಿಯಲ್ಲಿ ಬೆಳೆಸುತ್ತಿದ್ದರು.

ಆ ಲೆಕ್ಕಕ್ಕೆ ಸಹಿ ಹಾಕಿದ್ದು ಸಣ್ಣ ಊರಿನ ಆಡಿಟರ್ ಅಲ್ಲ. ಜಗತ್ತಿನ ನಾಲ್ಕು ದೊಡ್ಡ ಸಂಸ್ಥೆಗಳಲ್ಲಿ ಒಂದಾದ ಪ್ರೈಸ್ ವಾಟರ್‌ಹೌಸ್ ಬಳಗ. ಪತ್ರಕ್ಕೆ ಕೆಲವೇ ತಿಂಗಳ ಹಿಂದೆ ಸತ್ಯಂಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಬಂದಿತ್ತು. ಆಮೇಲೆ ಪ್ರಶಸ್ತಿ ವಾಪಸ್ ಪಡೆದರು. 2015ರಲ್ಲಿ ರಾಜುಗೆ ಏಳು ವರ್ಷ ಶಿಕ್ಷೆಯಾಯಿತು. 2018ರಲ್ಲಿ ಸೆಬಿ ಆಡಿಟ್ ಸಂಸ್ಥೆಗೆ ಎರಡು ವರ್ಷ ನಿಷೇಧ ಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಆ ನಿಷೇಧವನ್ನು ರದ್ದು ಮಾಡಿತು. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದರು ಎಂದಾಯಿತು. ಷೇರು ಕೊಂಡವನು ಮಾತ್ರ ತಪ್ಪು ಮಾಡಿದ್ದ.

ಘೋಣಸಗಿಯ ಹೆಣ್ಣುಮಗಳೊಬ್ಬಳು ಬಂಗಾರ ಒತ್ತೆ ಇಡಲು ಬ್ಯಾಂಕಿಗೆ ಹೋಗಲಿ, ನೋಡೋಣ. ಅಲ್ಲಿ ಫೇರ್ ವ್ಯಾಲ್ಯೂ ಹೇಗೆ ನಡೆಯುತ್ತದೆ ಎಂದು ಗೊತ್ತಾಗುತ್ತದೆ. ಪತ್ತಾರ ಬಂದು ಉಜ್ಜಿ ನೋಡುತ್ತಾನೆ. ಹರಳಿನ ತೂಕ ತೆಗೆಯುತ್ತಾನೆ. ಕೂಲಿಗೆ ಬೆಲೆ ಇಲ್ಲ. ಆರ್‌ಬಿಐ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಕಳೆದ 30 ದಿನದ ಸರಾಸರಿ ದರ ಒಂದು ಕಡೆ, ನಿನ್ನೆಯ ದರ ಇನ್ನೊಂದು ಕಡೆ. ಎರಡರಲ್ಲಿ ಯಾವುದು ಕಡಿಮೆಯೋ ಅದು. ಅದರ ಮೇಲೂ ದೊಡ್ಡ ಸಾಲವಾದರೆ ನೂರಕ್ಕೆ 75ರಷ್ಟು ಮಾತ್ರ, ಸಣ್ಣ ಸಾಲಕ್ಕೆ 85ರವರೆಗೆ.

ನಿಯಮ ತಪ್ಪಲ್ಲ. ಬ್ಯಾಂಕು ಜನರ ರೊಕ್ಕ ಕಾಯಬೇಕು, ಎಚ್ಚರಿಕೆ ಬೇಕು. "ಅವ್ವಾ, ಇಷ್ಟ ಬರ್ತದ ನೋಡ್ರಿ" ಅಂದರೆ ಅವಳು ಒಪ್ಪುತ್ತಾಳೆ. ಅವಳ ತಾಳಿಗೆ ಬ್ರ್ಯಾಂಡ್ ಮೌಲ್ಯ ಇಲ್ಲ.

ಕಿಂಗ್‌ಫಿಷರಿಗೆ ಇತ್ತು.

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಸಾಲ ಪಡೆದಾಗ ಅಡಮಾನ ಇಟ್ಟವುಗಳಲ್ಲಿ ತನ್ನ ಹೆಸರೂ ಒಂದು. ಹೆಸರು, ಲಾಂಛನ, ಘೋಷವಾಕ್ಯ. ಮೌಲ್ಯಮಾಪಕರು ಅದಕ್ಕೆ ಸಾವಿರಾರು ಕೋಟಿ ಬೆಲೆ ಕಟ್ಟಿದರು. ಬ್ಯಾಂಕುಗಳು ತಲೆ ಆಡಿಸಿದವು. ಯಾವ ಪತ್ತಾರನೂ ಬಂದು ಉಜ್ಜಿ ನೋಡಲಿಲ್ಲ. 30 ದಿನದ ಸರಾಸರಿ ಕೇಳಲಿಲ್ಲ.

2011ರಲ್ಲಿ ಇದಕ್ಕೂ ಮೀರಿದ ಕೆಲಸ ನಡೆಯಿತು. ಸ್ಟೇಟ್ ಬ್ಯಾಂಕ್ ಮುಂದಾಳತ್ವದ ಬ್ಯಾಂಕುಗಳ ಕೂಟ ಕಂಪನಿಯ ಒಂದಿಷ್ಟು ಸಾಲವನ್ನು ಷೇರಾಗಿ ಬದಲಿಸಿಕೊಂಡಿತು. ಒಂದು ಷೇರಿಗೆ 64.48 ರೂಪಾಯಿ. ಪೇಟೆಯಲ್ಲಿ ಅದೇ ಷೇರು ಆಗ 40 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತಿತ್ತು. ಮೊದಲ ಹಂತದ, ಎಲ್ಲರಿಗೂ ಕಾಣುವ, ಸುಳ್ಳು ಹೇಳಲಾಗದ ಬೆಲೆ ಕಣ್ಣೆದುರೇ ಇತ್ತು. ನಮ್ಮ ಬ್ಯಾಂಕುಗಳು ಅರ್ಧಕ್ಕಿಂತ ಹೆಚ್ಚು ಮೇಲೆ ಕೊಟ್ಟು ಕೊಂಡವು. ಹೆಣ್ಣುಮಗಳ ಬಂಗಾರಕ್ಕೆ ಕಡಿಮೆ ದರ ಹುಡುಕುವವರು ಇವರೇ.

2012ರ ಅಕ್ಟೋಬರಿನಲ್ಲಿ ವಿಮಾನ ನಿಂತವು. 2016ರ ಮಾರ್ಚ್ 2ಕ್ಕೆ ಮಾಲೀಕರು ದೇಶ ಬಿಟ್ಟರು. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಆ ಹೆಸರನ್ನು ಹರಾಜಿಗೆ ಇಟ್ಟವು. ಸಾವಿರಾರು ಕೋಟಿಯ ಹೆಸರಿಗೆ ಆರಂಭದ ಬೆಲೆ 366.70 ಕೋಟಿ. ಒಬ್ಬನೂ ಕೂಗಲಿಲ್ಲ. ಆ ಹೆಸರನ್ನು ಪೇಟೆಗೆ ತಂದರೆ ಸಿಗುವ ಬೆಲೆ ಎಷ್ಟೆಂದು ಅಂದು ದೇಶಕ್ಕೆಲ್ಲ ಗೊತ್ತಾಯಿತು.

ಹೆಣ್ಣುಮಗಳ ಬಂಗಾರಕ್ಕೆ ಇಷ್ಟೆಲ್ಲ ಎಚ್ಚರಿಕೆ ವಹಿಸಿದ ಬ್ಯಾಂಕು ಅದನ್ನಾದರೂ ನೆಟ್ಟಗೆ ಕಾದಿತೇ? 2025ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಮನಗೂಳಿಯಲ್ಲಿ ಬ್ಯಾಂಕ್ ಶಾಖೆಯಿಂದ 58 ಕಿಲೋಗೂ ಹೆಚ್ಚು ಒತ್ತೆ ಬಂಗಾರ ಕಳುವಾಯಿತು. ಪೊಲೀಸರು ಬಂಧಿಸಿದವರಲ್ಲಿ ಆ ಶಾಖೆಯಲ್ಲಿ ಹಿಂದೆ ವ್ಯವಸ್ಥಾಪಕರಾಗಿದ್ದವರೂ ಇದ್ದರು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿಲ್ಲೆಯ ಮಾನ.

ಈಗ ಬೈಜೂಸ್, ಆನ್‌ಲೈನ್ ಪಾಠ ಮಾರುವ ಕಂಪನಿ. ಇದನ್ನು ಬಿಟ್ಟು ಬೆಂಗಳೂರಿನಲ್ಲಿ ಮೂರನೆಯ ಹಂತದ ಮಾತಾಡುವುದು ಹೇಗೆ?

2022ರಲ್ಲಿ ಈ ಕಂಪನಿಯ ಬೆಲೆ 2,200 ಕೋಟಿ ಡಾಲರ್ ಎಂದು ಸಾರಲಾಯಿತು. ಷೇರುಪೇಟೆಯಲ್ಲಿ ಅದರ ಒಂದು ಷೇರೂ ಮಾರಾಟಕ್ಕೆ ಇರಲಿಲ್ಲ. ಯಾರೋ ಒಬ್ಬರು ಒಂದು ಸಣ್ಣ ಪಾಲಿಗೆ ಒಂದು ದರ ಕೊಟ್ಟರು. ಆ ದರದಿಂದ ಇಡೀ ಕಂಪನಿಯನ್ನು ಗುಣಿಸಿದರು. ಅಷ್ಟೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಲೆಕ್ಕದ ವರ್ಷ ಮುಗಿದು ಸುಮಾರು ಒಂದೂವರೆ ವರ್ಷದ ಮೇಲೆ, 2020-21ರ ಲೆಕ್ಕ ಹೊರಬಂತು. ನಷ್ಟ 4,500 ಕೋಟಿ ರೂಪಾಯಿಗೂ ಮೇಲೆ. ಅದೇ ವರ್ಷ ಕತಾರಿನ ಫುಟ್‌ಬಾಲ್ ವಿಶ್ವಕಪ್ಪಿಗೆ ಪ್ರಾಯೋಜಕತ್ವ. ಮೆಸ್ಸಿ ರಾಯಭಾರಿ. ಭಾರತ ತಂಡದ ಅಂಗಿಯ ಮೇಲೆ ಹೆಸರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಅಜ್ಜಿಯರು ಯಾವ ಎಕ್ಸೆಲ್ ಶೀಟೂ ಇಲ್ಲದೆ ಹೇಳಿಬಿಡುತ್ತಿದ್ದರು.

2023ರಲ್ಲಿ ತಮಾಷೆ ಬಿಗಿಯಾಯಿತು. ಬೈಜೂಸ್ ಷೇರು ಇಟ್ಟುಕೊಂಡಿದ್ದ ದೊಡ್ಡ ಹೂಡಿಕೆದಾರರು ತಮ್ಮ ತಮ್ಮ ಪುಸ್ತಕದಲ್ಲಿ ಅದರ ಫೇರ್ ವ್ಯಾಲ್ಯೂ ಬರೆಯಬೇಕಿತ್ತು. ಬ್ಲ್ಯಾಕ್‌ರಾಕ್ ಲೆಕ್ಕದಲ್ಲಿ ಕಂಪನಿ 800 ಕೋಟಿ ಡಾಲರಿಗೂ ಮೇಲೆ. ಪ್ರೋಸಸ್ ಲೆಕ್ಕದಲ್ಲಿ 510 ಕೋಟಿ. ಕಂಪನಿಯ ಮಾತು ಕೇಳಿದರೆ ಇನ್ನೂ 2,200 ಕೋಟಿ. ಒಂದೇ ಕಂಪನಿ, ಒಂದೇ ವರ್ಷ, ಮೂರು ಬೆಲೆ. ತಾಸಗಾಂವದ ಅಡತಿ ಅಂಗಡಿಯಲ್ಲಿ ಒಂದೇ ಪೆಟ್ಟಿಗೆ ಮಣೂಕಕ್ಕೆ ಮೂರು ದರ ಬರೆದರೆ ಪೊಲೀಸರನ್ನು ಕರೆಸುತ್ತಾರೆ.

ಜೂನ್ 2023ರಲ್ಲಿ ಆಡಿಟರ್ ಡೆಲಾಯ್ಟ್ ರಾಜೀನಾಮೆ ಕೊಟ್ಟಿತು. ಲೆಕ್ಕವೇ ಕೈಗೆ ಬರುತ್ತಿಲ್ಲ ಎಂಬುದು ಅದರ ದೂರು. ಮೂವರು ನಿರ್ದೇಶಕರೂ ಹೊರಟರು. ನವೆಂಬರಿಗೆ ಪ್ರೋಸಸ್ ಬೆಲೆಯನ್ನು 300 ಕೋಟಿ ಡಾಲರಿಗಿಂತ ಕೆಳಗೆ ತಂದಿತು. 2024ರ ಜನವರಿಯಲ್ಲಿ ಕಂಪನಿ ತನ್ನ ಷೇರುದಾರರಿಂದಲೇ ಹಣ ಎತ್ತಲು ಹೊರಟಾಗ ಹೇಳಿದ ಬೆಲೆ ಸುಮಾರು 22.5 ಕೋಟಿ ಡಾಲರ್. ಸೊನ್ನೆಗಳು ಒಂದೊಂದೇ ರಾಜೀನಾಮೆ ಕೊಡುತ್ತಿದ್ದವು. ಜೂನ್ ಹೊತ್ತಿಗೆ ಪ್ರೋಸಸ್ ತನ್ನ ಪಾಲನ್ನು ಪೂರ್ತಿ ಅಳಿಸಿತು. ಜುಲೈ 16ರಂದು ಬೆಂಗಳೂರಿನ ಎನ್‌ಸಿಎಲ್‌ಟಿ ನ್ಯಾಯಮಂಡಳಿ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಹಾಕಿತು. ಅರ್ಜಿ ಹಾಕಿದ್ದು ಬಿಸಿಸಿಐ. ಬಾಕಿ 158.9 ಕೋಟಿ ರೂಪಾಯಿ, ಅದೇ ಅಂಗಿಯ ಬಾಬ್ತು. ಅಕ್ಟೋಬರಿನಲ್ಲಿ ಸಂಸ್ಥಾಪಕರೇ ಕಂಪನಿಯ ಬೆಲೆ ಈಗ ಸೊನ್ನೆ ಎಂದರು. ಕೊನೆಗೆ ಎಲ್ಲರ ಲೆಕ್ಕವೂ ತಾಳೆಯಾಯಿತು.

ನಗದಿನ ಮಾತೂ ಇದೆ. ಅಮೆರಿಕದಲ್ಲಿ ಈ ಕಂಪನಿ ಪಡೆದ 120 ಕೋಟಿ ಡಾಲರ್ ಸಾಲದಲ್ಲಿ 53.3 ಕೋಟಿ ಡಾಲರ್ ಎಲ್ಲಿ ಹೋಯಿತು ಎಂದು ಸಾಲ ಕೊಟ್ಟವರು ಅಲ್ಲಿನ ಕೋರ್ಟಿನಲ್ಲಿ ಕೇಳುತ್ತ ಬಂದರು. ತಪ್ಪು ಮಾಡಿಲ್ಲ ಎಂಬುದು ಸಂಸ್ಥಾಪಕರ ಮಾತು. ಇರಲಿ. ಆದರೆ ಇಷ್ಟು ರೊಕ್ಕ ಎಲ್ಲಿದೆ ಎಂದು ತಿಳಿಯಲು ನ್ಯಾಯಾಧೀಶರು ಬೇಕಾದರೆ, ವಾರ್ಷಿಕ ಲೆಕ್ಕ ಯಾತಕ್ಕೆ?

ಈ ಊಹೆಯ ಬೆಲೆಗೆ ನಿಜವಾದ ತೆರಿಗೆ ಕಟ್ಟುವವರೂ ಇದ್ದಾರೆ. ಇಲ್ಲಿಂದ ಬೆಂಗಳೂರಿಗೆ ಹೋಗಿ ಸ್ಟಾರ್ಟ್‌ಅಪ್ ಸೇರಿದ ಹುಡುಗರಿಗೆ ಸಂಬಳದ ಒಂದು ಭಾಗ ಈಸಾಪ್ ಅಂದರೆ ಷೇರಿನ ಆಸೆ. ಷೇರು ಕೈಗೆ ತೆಗೆದುಕೊಂಡ ದಿನ ಮರ್ಚೆಂಟ್ ಬ್ಯಾಂಕರ್ ಒಂದು ಬೆಲೆ ಹೇಳುತ್ತಾನೆ. ಆ ಬೆಲೆಗೂ ಹುಡುಗ ಕೊಟ್ಟ ಬೆಲೆಗೂ ಇರುವ ಅಂತರ ಅವನ ಸಂಬಳ ಎಂದು ಆದಾಯ ತೆರಿಗೆಯವರು ಬರೆದುಕೊಳ್ಳುತ್ತಾರೆ. ಕೆಲವು ನೋಂದಾಯಿತ ಸ್ಟಾರ್ಟ್‌ಅಪ್‌ಗಳವರಿಗೆ ಕಟ್ಟಲು ವಾಯಿದೆ ಸಿಗುತ್ತದೆ, ಉಳಿದವರಿಗೆ ಅದೂ ಇಲ್ಲ. ಷೇರು ಮಾರಲು ಪೇಟೆ ಇಲ್ಲ. ತೆರಿಗೆ ಕಟ್ಟಲು ನಿಜವಾದ ರೂಪಾಯಿ ಬೇಕು. "ಕಾಕಾ, ನಂದು ಕೋಟಿ ಆಗೇದ" ಎಂದು ಊರಿಗೆ ಫೋನ್ ಮಾಡಿದವನು ಎರಡು ವರ್ಷದ ಮೇಲೆ ಮನೆ ಕಂತಿಗೆ ಅಪ್ಪನ ಹತ್ತಿರ ಮಣೂಕದ ರೊಕ್ಕ ಕೇಳುತ್ತಾನೆ. ಅಪ್ಪನ ರೊಕ್ಕ ಕಡಿಮೆ. ಆದರೆ ಇರುತ್ತದೆ.

ಬೈದದ್ದೇ ಆಯಿತು, ಚೆನ್ನಾಗಿ ಲೆಕ್ಕ ಇಡುವವರ ಹೆಸರನ್ನೂ ಹೇಳಬೇಕು. ಇನ್ಫೋಸಿಸ್ ತನ್ನ ಲಿಕ್ವಿಡ್ ಫಂಡು, ಸರ್ಕಾರಿ ಸಾಲಪತ್ರ, ಎಲ್ಲವನ್ನೂ ಹಂತ ಬಿಡಿಸಿ ಬರೆಯುತ್ತದೆ. ಓದಲು ಬರುವವರಿಗೆ ಅಲ್ಲಿ ಕತ್ತಲಿಲ್ಲ. ಅಲ್ಲಿಯೂ ಪನಾಯಾ ಎಂಬ ಅಧ್ಯಾಯ ಇದೆ. 2015ರಲ್ಲಿ 20 ಕೋಟಿ ಡಾಲರಿಗೆ ಕೊಂಡ ಕಂಪನಿ. 2018ರ ಏಪ್ರಿಲ್‌ನಲ್ಲಿ ಅದನ್ನೂ ಬೇರೆ ಅಂಗಸಂಸ್ಥೆಗಳನ್ನೂ ಮಾರುತ್ತೇವೆ ಎಂದರು. ಫೇರ್ ವ್ಯಾಲ್ಯೂ ಇಳಿಯಿತೆಂದು ಒಂದು ತ್ರೈಮಾಸಿಕದಲ್ಲಿ 118 ಕೋಟಿ ರೂಪಾಯಿ ಕಳೆದರು. ಮುಂದಿನದರಲ್ಲಿ 270 ಕೋಟಿ. ವ್ಯಾಪಾರ ಕುದುರಲಿಲ್ಲ. ವರ್ಷ ಮುಗಿಯುವಷ್ಟರಲ್ಲಿ ಮಾರಾಟದ ಪಟ್ಟಿಯಿಂದಲೇ ತೆಗೆದರು. ಕನಿಷ್ಠ ಇವರು ಕಳೆದದ್ದನ್ನು ಬರೆದರು. ನಮ್ಮ ದೇಶದಲ್ಲಿ ಅದಕ್ಕೇ ಕೈ ಮುಗಿಯುವ ಪರಿಸ್ಥಿತಿ.

ಊಹೆ ಯಾವಾಗಲೂ ಮೇಲಕ್ಕೇ ಹೋಗುತ್ತದೆ ಎಂದೇನಿಲ್ಲ. 2020ರ ಜನವರಿಯಲ್ಲಿ ಫ್ರ್ಯಾಂಕ್ಲಿನ್ ಟೆಂಪಲ್‌ಟನ್ ಫಂಡು ತನ್ನ ವೊಡಾಫೋನ್ ಐಡಿಯಾ ಸಾಲಪತ್ರಗಳ ಬೆಲೆಯನ್ನು ಸೊನ್ನೆಗೆ ಇಳಿಸಿತು. ಆಮೇಲೆ ಆ ಕಂಪನಿ ರೊಕ್ಕ ಕಟ್ಟಿತು. ಸೊನ್ನೆಯೂ ಸುಳ್ಳಾಯಿತು. ಅಷ್ಟರಲ್ಲಿ ಫ್ರ್ಯಾಂಕ್ಲಿನ್ ಏಪ್ರಿಲ್ 23ಕ್ಕೆ ತನ್ನ ಆರು ಫಂಡುಗಳ ಬಾಗಿಲು ಹಾಕಿ, ಸುಮಾರು 25 ಸಾವಿರ ಕೋಟಿ ರೂಪಾಯಿ ಒಳಗೆ ಇಟ್ಟುಕೊಂಡು ಕೂತಿತು. ದಿನವೂ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಪ್ರಕಟವಾಗುತ್ತಿತ್ತು, ಪೈಸೆ ಸಮೇತ. ಕೈಗೆ ಮಾತ್ರ ಬರುತ್ತಿರಲಿಲ್ಲ. ಹೂಡಿದವರನ್ನು ಕೇಳದೆ ಹೀಗೆ ಬಾಗಿಲು ಹಾಕುವಂತಿಲ್ಲ ಎಂದು ಅಕ್ಟೋಬರಿನಲ್ಲಿ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟ್.

2020ರ ಅದೇ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು ತಮ್ಮ ಪಾಸ್‌ಬುಕ್ಕಿನ ಫೇರ್ ವ್ಯಾಲ್ಯೂ ಕಲಿತರು. ಪುಸ್ತಕದಲ್ಲಿ ಲಕ್ಷಗಳು. ಆರ್‌ಬಿಐ ನಿರ್ಬಂಧದ ನಂತರ ತೆಗೆಯಲು ಬಿಟ್ಟದ್ದು 35,000 ರೂಪಾಯಿ. ನಿವೃತ್ತ ಮೇಷ್ಟ್ರುಗಳು ಸಾಲಿನಲ್ಲಿ ನಿಂತರು. ಅವರಿಗೆ ಯಾವ ಹಂತ ಎಂದು ಯಾರೂ ಹೇಳಿರಲಿಲ್ಲ.

ಇದೆಲ್ಲ ನಮ್ಮವರೇ ಕಂಡುಹಿಡಿದ ವಿದ್ಯೆ ಎಂದು ಹೆಮ್ಮೆಪಡಬೇಕಿಲ್ಲ. ಗುರುಕುಲ ಅಮೆರಿಕದಲ್ಲಿದೆ. 1992ರಲ್ಲಿ ಎನ್ರಾನ್ ಕಂಪನಿಗೆ ತನ್ನ ದೀರ್ಘಾವಧಿ ಒಪ್ಪಂದಗಳನ್ನು ಪೇಟೆ ಬೆಲೆಯಲ್ಲಿ ತೋರಿಸಲು ಅಲ್ಲಿನ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಇಪ್ಪತ್ತು ವರ್ಷದ ಮುಂದಿನ ಲಾಭವನ್ನು ಅವರು ಇವತ್ತೇ ಬರೆದುಕೊಂಡರು. 2001ರ ಡಿಸೆಂಬರಿಗೆ ದಿವಾಳಿ. ಆಡಿಟರ್ ಆರ್ಥರ್ ಆಂಡರ್ಸನ್ ಕೂಡ ಜೊತೆಗೇ ಮುಳುಗಿತು. ಘೋಣಸಗಿಯ ರೈತ ಇಪ್ಪತ್ತು ವರ್ಷದ ದ್ರಾಕ್ಷಿಯನ್ನು ಈ ವರ್ಷದ ಆದಾಯ ಎಂದು ಬರೆದು ಒಯ್ದರೆ ಬ್ಯಾಂಕಿನವರು ಡಾಕ್ಟರನ್ನು ಕರೆಸುತ್ತಾರೆ.

ಈಗ ಎಲ್ಲಕ್ಕಿಂತ ಮಜವಾದದ್ದು. ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಕಂಪನಿ ಕಾಯಿದೆಯ 123ನೆಯ ಸೆಕ್ಷನ್ನಿಗೆ 2017ರಲ್ಲಿ ಒಂದು ತಿದ್ದುಪಡಿ ತಂದರು. ಡಿವಿಡೆಂಡ್ ಕೊಡಲು ಲಾಭ ಲೆಕ್ಕ ಹಾಕುವಾಗ ಫೇರ್ ವ್ಯಾಲ್ಯೂನಿಂದ ಬಂದ ಏರಿಕೆಯನ್ನು ಹಿಡಿಯಬಾರದು. ಬ್ಯಾಂಕುಗಳಿಗೂ ಆರ್‌ಬಿಐ 2024ರ ಏಪ್ರಿಲ್‌ನಿಂದ ಹೇಳಿದ್ದು ಅದನ್ನೇ: ಮೂರನೆಯ ಹಂತದ ಆಸ್ತಿಯ ಕಾಗದದ ಲಾಭದಿಂದ ಡಿವಿಡೆಂಡ್ ಕೊಡಬೇಡಿ, ಬಂಡವಾಳದಲ್ಲೂ ಅದನ್ನು ಎಣಿಸಬೇಡಿ.

ಅಂದರೆ, ಈ ಲಾಭ ಹಂಚುವಷ್ಟು ನಿಜವಲ್ಲ. ಪ್ರಕಟಿಸುವಷ್ಟು ಮಾತ್ರ ನಿಜ. ಷೇರುದಾರನಿಗೆ ಕೊಡಲು ಆಗದು, ಷೇರುದಾರನಿಗೆ ತೋರಿಸಲು ಆಗುತ್ತದೆ. ತೋರಿಸಿದ್ದನ್ನು ನಂಬಿ ಅವನು ಇನ್ನಷ್ಟು ಷೇರು ಕೊಂಡರೆ, ಕಾನೂನಿನ ತಕರಾರು ಇಲ್ಲ.

ಮಾರ್ಚ್ ಮುಗಿದ ಮೇಲೆ ನಿಮ್ಮ ಕೈಗೂ ಒಂದು ವರದಿ ಬರುತ್ತದೆ. ನೇರ ಹಿಂದಿನ ಪುಟಗಳಿಗೆ ಹೋಗಿ. ಫೇರ್ ವ್ಯಾಲ್ಯೂ ಟಿಪ್ಪಣಿಯಲ್ಲಿ ಮೂರನೆಯ ಹಂತದ ಕಾಲಂ ಹುಡುಕಿ, ಅಲ್ಲಿ ಎಷ್ಟು ಕೋಟಿ ಕೂತಿದೆ ನೋಡಿ, ಆ ಬೆಲೆ ಕಟ್ಟಿದವರು ಯಾರು ಎಂದು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರ ಬರದಿದ್ದರೆ, ಬ್ಯಾಂಕಿನವರು ನಿಮ್ಮ ಮನೆಯ ಬಂಗಾರಕ್ಕೆ ಕಳೆದಷ್ಟಾದರೂ ಅದರಲ್ಲಿ ಕಳೆದು, ಆಮೇಲೆ ಷೇರು ಕೊಳ್ಳಿ.